ಹೆರಿಗೆಯ ಹಾಳೆಯಲ್ಲಿ ಖಾಲಿ ಬಿಟ್ಟ ಸಾಲು

"ಯಾಕವ್ವ, ಬಾಗ್ಲಾಕ್ಕೊಂಡು ಒಳ್ಗೇ ಕುಂತಿದ್ದೀಯೆ? ಬದುಕಿದ್ದೀಯೋ ಸತ್ತಿದ್ದೀಯೋ ನೋಡವ ಅಂತ ಬಂದೆ."

ಈ ಊರಿನಲ್ಲಿ ನನ್ನನ್ನು ಮೊದಲು ಮಾತಾಡಿಸಿದ ಹೆಂಗಸು ಆಡಿದ ಮೊದಲ ಮಾತು ಇದು. ಬಾಗಿಲು ತೆರೆದವಳು ಹಾಗೇ ನಿಂತುಬಿಟ್ಟೆ. ನಮ್ಮ ಇಳಕಲ್ ಕಡೆ ಹೊಸದಾಗಿ ಬಂದವರ ಮನೆಗೆ ಹೋದರೆ 'ಆರಾಮ ಅದೀರೇನ್ರಿ' ಎಂದು ಕೇಳಿ, ನೀರು ಕುಡಿದು, ಊರು ಕೇರಿ ವಿಚಾರಿಸಿ, ಆಮೇಲೆ ಮಾತಿಗಿಳಿಯುತ್ತೇವೆ. ಇವಳು ಜಗಳಕ್ಕೇ ಬಂದಿದ್ದಾಳೆ, ನನ್ನಿಂದ ಯಾವ ತಪ್ಪು ನಡೆಯಿತೋ ಎಂದುಕೊಂಡೆ. ಅವಳ ಮಡಿಲಲ್ಲಿ ಸೊಪ್ಪು ಇತ್ತು. ಅದನ್ನು ನನ್ನ ಕೈಗೆ ತುರುಕಿ, "ಬಸ್ಸಾರು ಮಾಡ್ಕೊ. ಮಾಡಕ್ ಬರ್ದಿದ್ರೆ ಕೂಗು," ಎಂದು ಹೊರಟೇಹೋದಳು.

ಹೀಗೆ ಪರಿಚಯವಾದವಳು ಪಕ್ಕದ ಮನೆಯ ಚಿಕ್ಕತಾಯಮ್ಮ. ನಾನು ಬಂದು ಸೇರಿದ ಊರು ಬ್ಲಫ್. ಮಳವಳ್ಳಿ ತಾಲ್ಲೂಕಿನ ಶಿವನಸಮುದ್ರದಲ್ಲಿ ಕಾವೇರಿಯ ನೀರಿನಿಂದ ಕರೆಂಟು ತೆಗೆಯುವ ಹಳೆಯ ಪವರ್ ಹೌಸ್ ಇದೆಯಲ್ಲ, ಅದರ ನೌಕರರು ಇರುವ ಜಾಗ. ನಮ್ಮ ಮನೆಯವರಿಗೆ ಅಲ್ಲಿ ಪಾಳಿಯ ಕೆಲಸ. ಮನೆಗಳು ಮೇಲೆ, ಯಂತ್ರಗಳು ಕೆಳಗೆ ಕಣಿವೆಯಲ್ಲಿ. ಇಳಿಜಾರಿನ ಹಳಿಯ ಮೇಲೆ ಟ್ರಾಲಿಯಲ್ಲಿ ಕೂತು ಇಳಿಯಬೇಕು. ಅವರು ಇಳಿದರೆಂದರೆ ಪಾಳಿ ಮುಗಿಯುವವರೆಗೆ ಫೋನೂ ಸಿಗುವುದಿಲ್ಲ. ಹಗಲೂ ರಾತ್ರಿ ಕೆಳಗಿನಿಂದ ಗುಂಯ್ ಎನ್ನುವ ಸದ್ದು ಬರುತ್ತಿರುತ್ತದೆ. ಬಂದ ಹೊಸದರಲ್ಲಿ ನನ್ನ ಕಿವಿಯೇ ಕೆಟ್ಟಿದೆ ಎಂದುಕೊಂಡಿದ್ದೆ.

ನಮ್ಮೂರಲ್ಲಿ ಬೇಸಿಗೆಯ ಮಧ್ಯಾಹ್ನ ಮಗ್ಗದ ಸದ್ದು ಬಿಟ್ಟರೆ ಬೇರೆ ಸದ್ದಿಲ್ಲ. ಒಂದು ಕೊಡ ನೀರು ಚೆಲ್ಲಿದರೆ ಅವ್ವ ಒಂದು ವಾರ ಆ ಮಾತು ಆಡುತ್ತಾಳೆ. ಇಲ್ಲಿ ನೋಡಿದರೆ ನೀರು ಸುಮ್ಮನೆ ಬಿದ್ದು ಹೋಗುತ್ತಿರುತ್ತದೆ, ಯಾರೂ ತಿರುಗಿ ನೋಡುವುದಿಲ್ಲ. ಕಾಲೊನಿಯ ಅರ್ಧ ಮನೆಗಳಿಗೆ ಬೀಗ. ಸಂಸಾರಗಳೆಲ್ಲ ಮಕ್ಕಳ ಶಾಲೆಗೆಂದು ಪೇಟೆ ಸೇರಿವೆ. ಉಳಿದವರಲ್ಲಿ ನನಗೆ ಮಾತಿಗೆ ಸಿಕ್ಕುವವಳು ಈ ಚಿಕ್ಕತಾಯಮ್ಮ ಒಬ್ಬಳೇ. ಅವಳ ಗಂಡ ಆ ಟ್ರಾಲಿಯ ಕೆಲಸದಲ್ಲಿದ್ದಾರೆ. ಅವಳು ಆತಗೂರು ಕಡೆಯಿಂದ ಮದುವೆಯಾಗಿ ಬಂದವಳು, ಮೂರು ಮಕ್ಕಳನ್ನು ಇಲ್ಲೇ ಹೆತ್ತು ದೊಡ್ಡವರನ್ನಾಗಿ ಮಾಡಿ ದಡ ಸೇರಿಸಿದವಳು.

ನಾನು ಅವಳನ್ನು ನಮ್ಮ ಕಡೆಯ ಮರ್ಯಾದೆಯಂತೆ 'ಅಕ್ಕಾರ' ಎಂದು ಕರೆಯುತ್ತಿದ್ದೆ. ಅವಳಿಗೆ ಅದು ನಗೆ.

"ನಾನೊಬ್ಳೇ ಕಣವ್ವ ಇರಾದು. ಅಕ್ಕಾರ ಅಕ್ಕಾರ ಅಂತ ಒಂದ್ ಬಸ್ಸು ಜನುಕ್ ಕೂಗ್ದಂಗ್ ಕೂಗ್ತೀಯಲ್ಲ."

ನಾನೂ ಅವಳ ಮಾತಿಗೆ ಹೊಂದಿಕೊಳ್ಳಲು ದಿನ ಹಿಡಿಯಿತು. ಇಡು ಎನ್ನುವುದಕ್ಕೆ ಇವರು 'ಮಡಗು' ಎನ್ನುತ್ತಾರೆ. ಸ್ವಲ್ಪ ಎನ್ನುವುದಕ್ಕೆ 'ಒಸಿ', ಹೇಳು ಎನ್ನುವುದಕ್ಕೆ 'ಏಳು'. ಗಂಡಾಗಲಿ ಹೆಣ್ಣಾಗಲಿ ಎಲ್ಲ ಕೂಸೂ ಇವರ ಬಾಯಲ್ಲಿ 'ಮಗ'. ಸೊಪ್ಪು ಕಾಳು ಬೇಯಿಸಿ, ಬಸಿದ ನೀರಿಗೆ ಖಾರ ಹಾಕಿ ಮಾಡಿದ್ದು ಬಸ್ಸಾರು. ಮುದ್ದೆಯ ಜೊತೆ ಉಣ್ಣಬೇಕು. ನಾನು ರೊಟ್ಟಿ ಅಗಿದಂತೆ ಮುದ್ದೆಯನ್ನೂ ಅಗಿಯುತ್ತಾ ಕೂತಿದ್ದನ್ನು ನೋಡಿ ಅವಳು ಹಣೆ ಚಚ್ಚಿಕೊಂಡಳು. "ನುಂಗು ತಾಯಿ, ನುಂಗು. ನೀನ್ ಅಗ್ದು ಮುಗ್ಸಗಂಟ ನಿನ್ ಮಗ ಉಟ್ಟಿ ಇಸ್ಕೂಲ್ಗ್ ಓಗಿರ್ತದೆ."

ಹೌದು, ಅಷ್ಟರಲ್ಲಿ ಹೊಟ್ಟೆಯಲ್ಲಿ ಕೂಸು ನಿಂತಿತ್ತು. ಆದರೆ ಆ ಮಾತಿಗೆ ನಾನು ನಗಲಿಲ್ಲ.

ಅದಕ್ಕೆ ಕಾರಣವಿದೆ. ಇದು ನನಗೆ ಎರಡನೆಯದು. ಮೊದಲನೆಯದಕ್ಕೆ ತವರಿಗೆ ಹೋಗಿದ್ದೆ, ನಮ್ಮಲ್ಲಿ ಹಾಗೇ ರೂಢಿ. ತಿಂಗಳು ತುಂಬಿ, ನೋವು ಬಂದು, ಊರ ಹತ್ತಿರದ ಪೇಟೆಯ ಆಸ್ಪತ್ರೆಗೆ ಸೇರಿಸಿದರು. ಅವ್ವನನ್ನು ಹೊರಗೇ ನಿಲ್ಲಿಸಿದರು. ಮೈಮೇಲಿನದೆಲ್ಲ ತೆಗೆದು ಕೊಡಿ ಎಂದರು. ಬಳೆ, ತಾಳಿ ಕೊಟ್ಟೆ. ಕೊರಳಲ್ಲಿದ್ದ ಲಿಂಗವನ್ನೂ ಕೊಟ್ಟೆ. ಲಿಂಗ ಕಟ್ಟಿಕೊಂಡವರಿಗೆ ಅದು ಒಡವೆಯಲ್ಲ, ಜೀವ ಇರುವತನಕ ಮೈಯಿಂದ ಅಗಲಬಾರದು ಎಂದು ತಿಳಿದವರು ನಾವು. ಅವ್ವ ಅದನ್ನು ಸೆರಗಿನಲ್ಲಿ ಗಂಟು ಕಟ್ಟಿಕೊಂಡು ಹೊರಗೆ ಕೂತಳು. ಒಳಗೆ ಹೊತ್ತು ಹೋದಂತೆ ಸುತ್ತಲಿನ ಮಾತು ಕಡಿಮೆಯಾಗುತ್ತಾ ಬಂತು. ಏನಾಯಿತು ಎಂದು ಕೇಳಿದರೆ 'ಸುಮ್ಮನಿರು' ಎಂದರು. ಆ ಮೌನದಿಂದಲೇ ನನಗೆ ತಿಳಿಯಿತು. ಗಂಡು ಕೂಸು ಅಂತೆ. ನೋಡಿದರೆ ಮರೆಯಲಾಗುವುದಿಲ್ಲ ಎಂದು ಮುಖ ತೋರಿಸಲಿಲ್ಲ. ನೋಡದೆಯೂ ಮರೆತಿಲ್ಲ.

ಯಾರನ್ನೂ ದೂರಲು ಇದನ್ನು ಬರೆಯುತ್ತಿಲ್ಲ. ಅವರೂ ಕೈಲಾದದ್ದು ಮಾಡಿದರು. ಶಿವ ಕೊಟ್ಟ, ಶಿವ ಕರೆದುಕೊಂಡ. ಆದರೆ ಆ ಹೊತ್ತಿನಲ್ಲಿ ಕೂಸೂ ನನ್ನ ಬಳಿ ಇರಲಿಲ್ಲ, ಲಿಂಗವೂ ಇರಲಿಲ್ಲ, ಅವ್ವನೂ ಇರಲಿಲ್ಲ. ಅಷ್ಟು ಒಂಟಿಯಾಗಿ ಮನುಷ್ಯರು ಇರಬಾರದು.

ಈ ಸಲವೂ ತವರಿಗೇ ಹೋಗುವುದೆಂದಿತ್ತು. ಆರನೆಯ ತಿಂಗಳಲ್ಲಿ ಒಮ್ಮೆ ಮದ್ದೂರಿಗೆ ಸ್ಕ್ಯಾನಿಂಗಿಗೆ ಹೋಗಿಬರುವಾಗ ಬಸ್ಸಿನಲ್ಲಿ ರಕ್ತ ಕಾಣಿಸಿತು. ಮದ್ದೂರಿನ ಡಾಕ್ಟರಮ್ಮ, ಇನ್ನು ನೀವು ಆ ದೂರದ ಪ್ರಯಾಣ ಮರೆತುಬಿಡಿ, ಮಂಡ್ಯದ ಆಸ್ಪತ್ರೆಗೆ ತೋರಿಸಿಕೊಳ್ಳಿ ಎಂದರು. ಅವ್ವನಿಗೆ ಫೋನಿನಲ್ಲಿ ಹೇಳಿದರೆ ಅತ್ತಳು. ಅಪ್ಪನಿಗೆ ಲಕ್ವಾ ಹೊಡೆದು ಒಂದು ಕೈ ಬಿದ್ದಿದೆ, ಅವರನ್ನು ಬಿಟ್ಟು ಬಹಳ ದಿನ ಬರಲಾರಳು. "ಒಂಬತ್ತ ತುಂಬಿದ ಮ್ಯಾಲೆ ಬರತೇನವಾ. ಅಲ್ಲೀತನಾ ಶಿವಾ ಕಾಯತಾನ," ಎಂದಳು.

ಮಂಡ್ಯದ ಆಸ್ಪತ್ರೆಯಲ್ಲಿ ನನಗೆ ಸಿಕ್ಕವರು ಸಿಸ್ಟರ್ ಮಂಜುಳಾ. ಅಲ್ಲಿ ಹೆರಿಗೆಗೆಂದೇ ಬೇರೆ ತರಬೇತಿ ಪಡೆದ ಸಿಸ್ಟರುಗಳಿದ್ದಾರೆ. ನಮ್ಮಂಥ ಭಯ ಇರುವವರಿಗೆ ಒಬ್ಬರನ್ನು ಗೊತ್ತು ಮಾಡಿದರೆ ಮೊದಲಿನಿಂದ ಕೊನೆಯವರೆಗೂ ಅವರೇ. ಪ್ರತಿ ಸಲ ಹೊಸ ಮುಖಕ್ಕೆ ನಮ್ಮ ಕಥೆ ಹೇಳಬೇಕಿಲ್ಲ. ಇದು ಎಲ್ಲ ಕಡೆ ಇದೆಯೋ ಇಲ್ಲವೋ ನನಗೆ ಗೊತ್ತಿಲ್ಲ. ನನಗೆ ಸಿಕ್ಕಿತು, ಅಷ್ಟು ಋಣ.

ಎರಡನೆಯ ಸಲ ಹೋದಾಗ ಅವರು ಒಂದು ಹಾಳೆ ತೆಗೆದು ಎದುರಿಗೆ ಕೂತರು. ಬರ್ತ್ ಪ್ಲಾನ್ ಎಂದರು. ಹೆರಿಗೆ ಹೇಗಾಗಬೇಕು, ನನ್ನ ಜೊತೆ ಯಾರಿರಬೇಕು, ನನಗೆ ಯಾವುದು ಬೇಕು, ಯಾವುದು ಬೇಡ, ಎಲ್ಲ ಬರೆದು ಇಟ್ಟುಕೊಳ್ಳುವುದಂತೆ.

"ನಿಮ್ಗೇನ್ ಬೇಕು ಹೇಳಿ," ಎಂದರು.

ನಾನು ಚಿಕ್ಕತಾಯಮ್ಮನ ಮುಖ ನೋಡಿದೆ. ಅವಳೇ ನನ್ನನ್ನು ಬಸ್ಸಿನಲ್ಲಿ ಕರೆದುಕೊಂಡು ಹೋಗಿದ್ದಳು. ನನಗೇನು ಬೇಕು ಎಂದು ಕೇಳಿದರೆ ಉತ್ತರ ಕೊಡುವ ಅಭ್ಯಾಸವೇ ನನಗಿಲ್ಲ. ಮನೆಯಲ್ಲಿ ಏನು ಅಡುಗೆ ಎಂದು ಕೇಳಿದರೂ 'ನಿಮಗೇನು ಬೇಕೋ ಅದೇ' ಎನ್ನುವವಳು. "ಸುಸೂತ್ರ ಆಗ್ಲಿರಿ, ಅಷ್ಟ ಸಾಕು," ಎಂದೆ.

"ಅದನ್ನ ದೇವ್ರಿಗ್ ಹೇಳ್ಕೊಳ್ಳಿ. ನನ್ ಕೈಲಿ ಆಗೋದನ್ನ ನಂಗ್ ಹೇಳಿ."

"ಏಳವ್ವ," ಎಂದು ಚಿಕ್ಕತಾಯಮ್ಮ ತಿವಿದಳು. "ಮದ್ವೆಗ್ ಸೀರೆ ಆರ್ಸಕ್ಕೆ ಬಾಯಿತ್ತಲ್ಲ, ಈಗೇನಾಗದೆ?"

ಸೀರೆಯನ್ನೂ ನಾನು ಆರಿಸಿರಲಿಲ್ಲ. ಅದಿರಲಿ. ಸಿಸ್ಟರ್ ಅವಸರ ಮಾಡಲಿಲ್ಲ. ಹೋದ ಸಲ ಏನಾಯಿತು ಎಂದು ಮೆಲ್ಲಗೆ ಕೇಳಿದರು. ಮೊದಲ ಬಾರಿಗೆ ಹೊರಗಿನವರ ಮುಂದೆ ಪೂರ್ತಿ ಹೇಳಿದೆ. ಹೇಳಿ ಮುಗಿಸುವಷ್ಟರಲ್ಲಿ ನನಗೇನು ಬೇಕು ಎನ್ನುವುದು ತಾನಾಗಿ ಬಾಯಿಗೆ ಬಂತು. ಒಂದು, ಒಳ್ಳೆಯದಾಗಲಿ ಕೆಟ್ಟದ್ದಾಗಲಿ, ಏನಾಗುತ್ತಿದೆ ಎಂದು ನನಗೆ ಹೇಳಬೇಕು. ಇನ್ನೊಂದು, ಕೂಸು ಹೇಗೇ ಇರಲಿ, ನನಗೆ ಮುಖ ತೋರಿಸಬೇಕು. ಸಿಸ್ಟರ್ ತಲೆ ತಗ್ಗಿಸಿ ಎರಡನ್ನೂ ಬರೆದರು. ಚಿಕ್ಕತಾಯಮ್ಮ ಕಿಟಕಿಯ ಹೊರಗೆ ನೋಡುತ್ತಾ ಕೂತಳು.

ಜೊತೆಗೆ ಯಾರು ಎನ್ನುವ ಪ್ರಶ್ನೆ ಬಂತು. ಗಂಡಸರಿಗೆ ಒಳಗೆ ಪ್ರವೇಶವಿಲ್ಲ, ಬೇರೆ ಹೆಂಗಸರೂ ಇರುತ್ತಾರಲ್ಲ. ಹೆತ್ತು ಅನುಭವ ಇರುವ ಹೆಣ್ಣುಮಗಳಾದರೆ ಒಳ್ಳೆಯದು ಎಂದರು. ನಾನು ಅವ್ವನ ಹೆಸರು ಹೇಳಿದೆ.

"ಅವ್ರು ಬರೋಕ್ಮುಂಚೆ ನೋವು ಬಂದ್ರೆ?"

ಆ ಪ್ರಶ್ನೆಯನ್ನು ನಾನು ಕೇಳಿಕೊಂಡೇ ಇರಲಿಲ್ಲ. ಸಿಸ್ಟರ್ ಕಣ್ಣಿನಲ್ಲೇ ಪಕ್ಕದಲ್ಲಿದ್ದವಳನ್ನು ತೋರಿಸಿದರು. ಚಿಕ್ಕತಾಯಮ್ಮ, "ನಾನಾ? ನಂಗೇನ್ ಕೆಲ್ಸಿಲ್ವಾ?" ಎಂದಳು. ಆಮೇಲೆ, "ಬರ್ಕೊಳವ್ವ, ಬರ್ಕೊ," ಎಂದಳು. ಬರೆದರು.

ಕೊನೆಗೆ, ನಿಮ್ಮ ಧರ್ಮದ ಪ್ರಕಾರ ನಡೆಸಿಕೊಡಬೇಕಾದದ್ದು ಏನಾದರೂ ಇದೆಯೇ ಎಂದು ಕೇಳಿದರು. ನಾನು ಕೊರಳಿನಲ್ಲಿ ಲಿಂಗವಿದ್ದ ಬೆಳ್ಳಿಯ ಕರಡಿಗೆ ಹಿಡಿದುಕೊಂಡೆ. ಇದನ್ನು ತೆಗೆಸಬೇಡಿ ಎಂದೆ. ಮಾಮೂಲಿ ಹೆರಿಗೆಯಾದರೆ ಕೊರಳಲ್ಲೇ ಇರಲಿ, ತೊಂದರೆಯಿಲ್ಲ ಎಂದರು. ಆಪರೇಷನ್ ಅಂತಾದರೆ ಮಾತ್ರ ತೆಗೆಯಲೇಬೇಕು, ಆಗ ಯಾರ ಕೈಗೆ ಕೊಡೋಣ ಎಂದು ಕೇಳಿದರು.

ಲಿಂಗವನ್ನು ಲಿಂಗವಂತರ ಕೈಗಲ್ಲದೆ ಕೊಡುವುದಿಲ್ಲ. ಹುಟ್ಟಿದಾಗಿನಿಂದ ಕೇಳಿದ್ದು ಅದು. ಚಿಕ್ಕತಾಯಮ್ಮನವರದು ಬೌದ್ಧರ ಮನೆ. ಅವಳ ಮಾವನ ಕಾಲದಲ್ಲೇ ಹಳೆಯ ದೇವರುಗಳನ್ನು ಬಿಟ್ಟವರು. ಹಿಂದೆ ಇವರನ್ನು ಯಾವ ಕೇರಿಯಲ್ಲಿ ಇರಿಸಿದ್ದರು ಎನ್ನುವುದು ಈ ಸುತ್ತಿನಲ್ಲಿ ಎಲ್ಲರಿಗೂ ಗೊತ್ತು, ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಒಮ್ಮೆ ಅವಳ ಮನೆಯ ಗೋಡೆಯ ಪಟದ ಮುಂದೆ ನಾನು ಕೈಮುಗಿದಾಗ ಅವಳು ಹೇಳಿದ್ದಳು: "ನಮ್ಗೆ ದ್ಯಾವ್ರು ದಿಂಡ್ರು ಇಲ್ಲ ಕಣವ್ವ. ಬುದ್ಧ ಒಬ್ನೇಯ. ಅವ್ನೂ ಏನೂ ಕೇಳಕಿಲ್ಲ, ಸುಮ್ಕೆ ಕುಂತವ್ನೆ."

"ಆ ಸಾಲು ಆಮೇಲೆ ಬರಸ್ತೇನ್ರಿ," ಎಂದೆ ಸಿಸ್ಟರಿಗೆ. ಅವರು ಖಾಲಿ ಬಿಟ್ಟರು. ಚಿಕ್ಕತಾಯಮ್ಮ ಎದ್ದು ಚೀಲ ಹುಡುಕತೊಡಗಿದಳು. ಚೀಲ ಅವಳ ಹೆಗಲಲ್ಲೇ ಇತ್ತು.

ಮನೆಗೆ ಬಂದು ಅವ್ವನಿಗೆ ಫೋನಿನಲ್ಲಿ ಹಾಳೆಯ ಸುದ್ದಿ ಹೇಳಿದೆ.

"ಹುಟ್ಟೂಕಿಂತ ಮೊದಲ ಹಾಳ್ಯಾಗ ಬರದ ಇಡತಾರೇನ ಯಾರರ? ದೃಷ್ಟಿ ಆಗತೈತಿ. ಹರದ ಒಗಿ ಅದನ್ನ."

ನಮ್ಮಲ್ಲಿ ಹುಟ್ಟುವ ಮೊದಲು ಕೂಸಿನ ತಲೆಗೆ ಕುಲಾಯಿ ಕೂಡ ಹೊಲಿಯುವುದಿಲ್ಲ. ಅವ್ವ ಹೇಳಿದ್ದು ತಪ್ಪೆಂದು ನನಗೂ ಅನ್ನಿಸಲಿಲ್ಲ. ಆದರೆ ಹೋದ ಸಲ ಏನನ್ನೂ ಬರೆದಿರಲಿಲ್ಲ, ಹೊಲಿದಿರಲಿಲ್ಲ. ಆಗ ಯಾರ ದೃಷ್ಟಿ ತಾಗಿತ್ತು? ಇದನ್ನು ಅವ್ವನಿಗೆ ಹೇಳಲಿಲ್ಲ. ಜೊತೆಗಿರುವವಳು ಯಾರು ಎಂದು ಅವ್ವ ಕೇಳಿದಳು. ಹೇಳಿದೆ.

"ಆಕಿ ಯಾರ ಪೈಕಿ?"

"ಬುದ್ಧನ ಪೂಜಿ ಮಾಡತಾರವಾ."

ಹಿಂದೆ ಅಪ್ಪ ಯಾರನ್ನೋ ಕರೆಯುವುದು ಕೇಳಿಸಿತು. "ನಾ ಬರೂತನಾ ತಡಕೋ," ಎಂದಳು ಕೊನೆಗೆ, ನೋವು ನನ್ನ ಮಾತು ಕೇಳುತ್ತದೆ ಎನ್ನುವ ಹಾಗೆ.

ತಡೆಯಲಿಲ್ಲ. ಅವ್ವ ಹೊರಡುವುದು ಇನ್ನೂ ಬಾಕಿ ಇತ್ತು. ಒಂದು ಮಧ್ಯಾಹ್ನ ಬಟ್ಟೆ ಒಣಹಾಕುತ್ತಿದ್ದೆ, ಸೊಂಟ ಹಿಡಿದುಕೊಂಡಿತು. ಮನೆಯವರು ಪಾಳಿಗೆ ಕೆಳಗಿಳಿದಿದ್ದರು. ಚಿಕ್ಕತಾಯಮ್ಮ ಒಮ್ಮೆ ನನ್ನ ಮುಖ ನೋಡಿದವಳು ಬಟ್ಟೆಯ ಬಕೆಟ್ಟನ್ನು ಕಾಲಿನಿಂದ ಪಕ್ಕಕ್ಕೆ ಸರಿಸಿ ಆಂಬುಲೆನ್ಸಿಗೆ ಫೋನು ಮಾಡಿದಳು, ಸಿಸ್ಟರಿಗೆ ಮಾಡಿದಳು. ಗಂಡನನ್ನು ಕೂಗಿ, "ಓಗ್ಲಾ, ಟ್ರಾಲಿ ಇಳ್ಸಿ ಆ ಯಪ್ಪಂಗ್ ಏಳು, ಎಂಡ್ರುನ್ ಮಂಡ್ಯಕ್ ಕರ್ಕೊಂಡ್ ಓದ್ರು ಅಂತ," ಎಂದಳು. ಗಂಡನಿಗೆ 'ಲಾ' ಎನ್ನುತ್ತಾಳಲ್ಲ ಎಂದು ಆ ನೋವಿನಲ್ಲೂ ನನಗೆ ಗಾಬರಿಯಾಯಿತು.

ಮಂಡ್ಯದ ದಾರಿಯುದ್ದಕ್ಕೂ ಅವಳು ನನ್ನ ಸೊಂಟ ಒತ್ತುತ್ತಾ ಬಂದಳು. ಕಬ್ಬಿನ ಗಾಡಿಗಳು ದಾರಿ ಬಿಡದಿದ್ದರೆ ಕಿಟಕಿಯಿಂದ ತಲೆ ಹಾಕಿ ಬೈಯುವಳು, ಮತ್ತೆ ಒಳಗೆ ಬಂದು ಒತ್ತುವಳು. ನಾನು ಕರಡಿಗೆ ಹಿಡಿದು ಪಂಚಾಕ್ಷರಿ ಹೇಳುತ್ತಿದ್ದೆ. ನಡುವೆ ನಿಲ್ಲಿಸಿದರೆ, "ಯಾಕ್ ನಿಲ್ಸ್ದೆ? ಏಳ್ಕೊ, ಏಳ್ಕೊ," ಎನ್ನುವಳು.

ಸಿಸ್ಟರ್ ಮಂಜುಳಾ ಬಾಗಿಲಲ್ಲೇ ನಿಂತಿದ್ದರು. ಅವರ ಕೈಯಲ್ಲಿ ನನ್ನ ಹಾಳೆ ಇತ್ತು. ಆ ಊರಿನಲ್ಲಿ, ಅಷ್ಟು ಜನರ ನಡುವೆ, ನನಗಾಗಿ ಒಬ್ಬರು ಬಾಗಿಲಿಗೆ ಬಂದು ನಿಂತಿದ್ದರು ಎನ್ನುವುದನ್ನು ನಾನು ಇವತ್ತಿಗೂ ಬೆಳಗಿನ ಪೂಜೆಯಲ್ಲಿ ನೆನೆಯುತ್ತೇನೆ. ಒಳಗೆ ಸೇರಿಸಿಕೊಂಡು, ನಡೆಯಲು ಬಿಟ್ಟರು. ಪಡಸಾಲೆಯ ಈ ತುದಿಯಿಂದ ಆ ತುದಿಗೆ ಚಿಕ್ಕತಾಯಮ್ಮನ ಹೆಗಲು ಹಿಡಿದು ನಡೆದೆ. ನೋವು ಬಂದಾಗ ಅವಳ ತೋಳು ಹಿಂಡುತ್ತಿದ್ದೆ. "ಇಂಡು, ಇಂಡು. ಇದೇನ್ ಒಗ್ದಿರೋ ಬಟ್ಟೆನಾ, ಇನ್ನೂ ಒಸಿ ಇಂಡು," ಎಂದಳು.

ಹೊತ್ತು ಮುಳುಗುವ ಮುಂಚೆ ಸಿಸ್ಟರ್ ಹೊಟ್ಟೆಗೆ ಪಟ್ಟಿ ಕಟ್ಟಿ ಕೂಸಿನ ಎದೆಬಡಿತ ನೋಡಿದರು. ಮತ್ತೆ ನೋಡಿದರು. ಡಾಕ್ಟರನ್ನು ಕರೆದರು. ಮಾತು ನಿಂತಿತು. ಆ ಮೌನ ನನಗೆ ಗುರುತಿತ್ತು.

ಸಿಸ್ಟರ್ ತಿರುಗಿ ನನ್ನ ತಲೆಯ ಹತ್ತಿರ ಬಂದರು. "ಮಾದೇವಿ, ಹೇಳ್ತೀನಿ ಅಂದಿದ್ದೆ, ಹೇಳ್ತಿದ್ದೀನಿ. ಮಗೂ ಎದೆಬಡಿತ ಇಳೀತಿದೆ. ಇದೆ, ಆದ್ರೆ ಇಳೀತಿದೆ. ಕಾಯೋಕಾಗಲ್ಲ. ಆಪರೇಷನ್ ಮಾಡಿ ತೆಗೀತಾರೆ. ನಾನ್ ಒಳಗೂ ಬರ್ತೀನಿ."

ನನ್ನ ಹೆಸರು ಮಹಾದೇವಿ. ಇಲ್ಲಿ ಎಲ್ಲರೂ ಮಾದೇವಿ ಎನ್ನುತ್ತಾರೆ. 'ಇದೆ' ಎಂದ ಆ ಒಂದು ಮಾತನ್ನು ಹಿಡಿದುಕೊಂಡೆ. ಸೀರೆ ಬದಲಿಸಿದರು. ಸಿಸ್ಟರ್ ನನ್ನ ಕೊರಳ ಮೇಲೆ ಕೈಯಿಟ್ಟು ನಿಂತರು, ತೆಗೆಯಲಿಲ್ಲ.

"ಇದು ಯಾರ ಕೈಗೆ? ಆ ಸಾಲು ಖಾಲಿ ಇದೆ."

ಅವ್ವ ಇಳಕಲ್ಲಿನಲ್ಲಿ. ಮನೆಯವರು ಕಣಿವೆಯಿಂದ ಮೇಲೆ ಬಂದರೋ ಇಲ್ಲವೋ. ಚಿಕ್ಕತಾಯಮ್ಮ ಗೋಡೆಗೆ ಒರಗಿ ನಿಂತಿದ್ದಳು, ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು. ಆ ಕೈಗಳು ಅಲ್ಲಿಯವರೆಗೆ ನನ್ನ ಸೊಂಟದ ಮೇಲಿದ್ದವು. ಈಗ ಅವು ಯಾಕೆ ಹಿಂದೆ ಹೋದವು ಎಂದು ನನಗೆ ಗೊತ್ತಿತ್ತು.

"ನಿಮ್ಮೋರು ಬರ್ಗಂಟ ಸಿಸ್ಟ್ರೇ ಮಡೀಕಳ್ಲಿ ಬುಡವ್ವ," ಎಂದಳು.

ಸಿಸ್ಟರ್ ನನ್ನ ಜೊತೆ ಒಳಗೆ ಬರಬೇಕಿತ್ತು. ಲಿಂಗ ಕಟ್ಟಿದ ಶಿವದಾರವನ್ನು ನಾನೇ ತಲೆಯ ಮೇಲಿಂದ ತೆಗೆದೆ. "ಅಕ್ಕಾರ, ಕೈ ಕೊಡ್ರಿ," ಎಂದೆ. ಅವಳು ಕೊಡಲಿಲ್ಲ. "ಕೊಡ್ರಿ," ಎಂದೆ ಮತ್ತೆ. ಅವಳು ಕೈಯನ್ನು ಸೀರೆಗೆ ಒರೆಸಿ, ಮತ್ತೊಮ್ಮೆ ಒರೆಸಿ, ಮುಂದಕ್ಕೆ ಚಾಚಿದಳು. ಅಂಗೈ ಮೇಲೆ ಲಿಂಗ ಇಟ್ಟೆ. "ನೆಲಕ್ಕ ಇಡಬ್ಯಾಡ್ರಿ. ಅಂಗೈಯಾಗ ಇರಲಿ," ಎಂದೆ. ಅಷ್ಟರಲ್ಲಿ ಗಾಡಿ ನೂಕಿದರು.

ಮುಂದಿನದು ಸಿಸ್ಟರ್ ಆಮೇಲೆ ನನಗೆ ಹೇಳಿದ್ದು. ಕೂಸು ಹೊರಗೆ ಬಂದಾಗ ಅಳಲಿಲ್ಲ. ಬೆನ್ನು ತಟ್ಟಿ, ಉಸಿರು ಕೊಟ್ಟು, ಸ್ವಲ್ಪ ತಡವಾಗಿ ಅತ್ತಿತು. ಹೆಣ್ಣು. ನನ್ನ ಮುಖದ ಹತ್ತಿರ ತಂದು ತೋರಿಸಿದರು, ಅದು ಹಾಳೆಯಲ್ಲಿತ್ತು. ನನಗೆ ನೆನಪಿರುವುದು ಒದ್ದೆ ಕೂದಲು, ಮಡಚಿದ ಒಂದು ಕಿವಿ. ಆಮೇಲೆ ಬಟ್ಟೆಯಲ್ಲಿ ಸುತ್ತಿ ಹೊರಗೆ ಜೊತೆಯವರ ಕೈಗೆ ಕೊಡಲು ಒಯ್ದರು.

ಚಿಕ್ಕತಾಯಮ್ಮ ಬಾಗಿಲ ಎದುರೇ ನಿಂತಿದ್ದಳಂತೆ. ಕೂತಿರಲಿಲ್ಲ. ಬಲಗೈ ಮುಂದಕ್ಕೆ ಚಾಚಿ, ಎಡಗೈಯಿಂದ ಅದನ್ನು ಕೆಳಗಿನಿಂದ ಆನಿಸಿಕೊಂಡು, ತುಂಬಿದ ಬಟ್ಟಲು ಹಿಡಿದವರ ಹಾಗೆ. ಬೆಂಚಿನಲ್ಲಿ ಕೂತಿದ್ದವರು, ಯಾಕಮ್ಮ ಹಂಗೆ ನಿಂತಿದ್ದೀಯ, ಚೀಲದಲ್ಲಿ ಹಾಕ್ಕೊ ಎಂದರೆ, "ಚೀಲ್ದಲ್ ಮಡಗಕ್ಕೆ ಏಳಿಲ್ಲ. ಅಂಗೈಲಿ ಅಂದವ್ಳೆ," ಎಂದಳಂತೆ. ನರ್ಸಮ್ಮ ಕೂಸನ್ನು ತಂದು ಮುಂದೆ ಹಿಡಿದರೆ ತೆಗೆದುಕೊಳ್ಳಲೇ ಇಲ್ಲ.

"ಕೈ ಖಾಲಿ ಇಲ್ಲ ಕಣಮ್ಮ. ತಡ್ಕೊ."

"ಏನಮ್ಮ, ಮಗೂಗಿಂತ ಅದು ಹೆಚ್ಚಾ?"

"ಎಚ್ಚು ಕಮ್ಮಿ ನಂಗ್ ಗೊತ್ತಿಲ್ಲ. ಇದ್ನ ಮಡಗಕ್ಕಿಲ್ಲ, ಅದ್ನ ಬೀಳ್ಸಕ್ಕಿಲ್ಲ. ಅವ್ರಪ್ಪ ಬತ್ತಾನೆ, ಇರು."

ನಮ್ಮ ಮನೆಯವರು ಬಂದು ಕೂಸನ್ನು ತೆಗೆದುಕೊಳ್ಳುವವರೆಗೂ ಅವಳು ಬಗ್ಗಿ ಬಗ್ಗಿ ಅದರ ಮುಖ ನೋಡುತ್ತಾ, ಲಾಲಿ ಮಾತಾಡುತ್ತಾ, ಕೈ ಮಾತ್ರ ಕದಲಿಸದೆ ನಿಂತಿದ್ದಳಂತೆ. ನನ್ನನ್ನು ವಾರ್ಡಿಗೆ ತಂದಮೇಲೆ ನನ್ನ ಅಂಗೈ ಬಿಡಿಸಿ ಲಿಂಗ ಇಟ್ಟಳು. ಅದು ಬೆಚ್ಚಗಿತ್ತು. "ಎಲ್ಲೂ ಮಡಗ್ನಿಲ್ಲ ಕಣವ್ವ," ಎಂದಳು. ನಾನು ಅತ್ತೆ. "ನಿಮ್ ಸಿವ ಏನ್ ಅಂತ ಭಾರ ಇಲ್ಲ ಬುಡು. ಕೈ ಬೆವರ್ತಿತ್ತು, ಅಷ್ಟೇಯ," ಎಂದು ತೋಳು ನೀವಿಕೊಂಡಳು.

ಇಲ್ಲಿಗೆ ಮುಗಿಸಿದ್ದರೆ ಚೆನ್ನಾಗಿತ್ತು.

ಅವ್ವ ಬಂದಳು, ಅಪ್ಪನನ್ನು ಚಿಕ್ಕಮ್ಮನ ಮನೆಯಲ್ಲಿ ಬಿಟ್ಟು. ಮೊಮ್ಮಗಳನ್ನು ಎದೆಗೊತ್ತಿಕೊಂಡಳು. ಬಾಣಂತನದ ಖಾರ, ಅಳವಿ ಉಂಡಿ, ಕರಿಯ ಕುಲಾಯಿ, ಎಲ್ಲ ಗಂಟು ಕಟ್ಟಿ ತಂದಿದ್ದಳು. ಆ ದಿನ ನನ್ನ ಮನೆ ತವರಿನ ವಾಸನೆ ಹೊಡೆಯಿತು. ಆಮೇಲೆ ಕೇಳಿದಳು: "ಲಿಂಗ ಯಾರ ಕೈಯಾಗ ಕೊಟ್ಟಿದ್ದಿ?"

ಲಿಂಗ ಕೊರಳಲ್ಲಿರುವಾಗ ಸುಳ್ಳು ಹೇಳಲು ನನಗೆ ಬರುವುದಿಲ್ಲ. ಹೇಳಿದೆ. ಅವ್ವ ಬೈಯಲಿಲ್ಲ. ಬೈದಿದ್ದರೆ ಸಹಿಸಬಹುದಿತ್ತು. ಚಿಕ್ಕತಾಯಮ್ಮ ದಿನಾ ಮೆಣಸಿನ ಸಾರು ಮಾಡಿ ಸ್ಟೀಲ್ ಡಬ್ಬಿಯಲ್ಲಿ ತರುತ್ತಿದ್ದಳು. ಅಂದು ಅವ್ವ ಅದನ್ನು ಕೈಯಲ್ಲಿ ಮುಟ್ಟದೆ, ಅಲ್ಲೇ ಇಡು ಎಂದು ಹೊರಗಿನ ಕಟ್ಟೆ ತೋರಿಸಿದಳು. ಸಂಜೆಯವರೆಗೂ ಡಬ್ಬಿ ಬಿಸಿಲಿನಲ್ಲಿ ಅಲ್ಲೇ ಇತ್ತು. ಹಾಸಿಗೆಯಿಂದ ಏಳಲಾಗದೆ ನಾನು ಕಿಟಕಿಯಲ್ಲಿ ನೋಡುತ್ತಿದ್ದೆ. ಚಿಕ್ಕತಾಯಮ್ಮ ಬಂದು ಡಬ್ಬಿ ಎತ್ತಿಕೊಂಡಳು, ಕಿಟಕಿಯ ಹತ್ತಿರ ನಿಂತಳು.

"ನಿಮ್ಮವ್ವ ಡಬ್ಬಿನ ಬಿಸ್ಲಲ್ ಮಡಗವ್ರೆ. ಸಾರು ಆರ್ದೆ ಇರ್ಲಿ ಅಂತಾನಾ?"

ನಗುತ್ತಲೇ ಕೇಳಿದಳು. ಮಾರನೆಯ ದಿನದಿಂದ ಡಬ್ಬಿ ಬರಲಿಲ್ಲ.

ಮೂರು ತಿಂಗಳು ತುಂಬಿದ ಮೇಲೆ ತೊಟ್ಟಿಲಿಗೆ ಹಾಕಿ ಹೆಸರಿಡಲು ಊರಿಗೆ ಹೋದೆವು. ರೈಲಿನಿಂದ ಇಳಿದು ನಮ್ಮ ಕಡೆಯ ಮಾತು ಕಿವಿಗೆ ಬಿದ್ದಾಗ ಮೈ ಹಗುರಾಯಿತು. ರೊಟ್ಟಿ ಬಡಿಯುವ ಸದ್ದು, ಕೆಂಪು ಖಾರದ ಹಿಂಡಿ, ಗುರೆಳ್ಳು ಚಟ್ನಿ, ಅಪ್ಪ ನೆಟ್ಟಗಿರುವ ಕೈಯಿಂದ ಕೂಸಿನ ಪಾದ ಹಿಡಿದದ್ದು. ಒಂದೂ ಮರೆಯುವ ಹಾಗಿಲ್ಲ. ಆದರೆ ಮೊದಲ ರಾತ್ರಿ ನಿದ್ದೆ ಬರಲಿಲ್ಲ. ಏನೋ ಕೊರತೆ ಅನ್ನಿಸುತ್ತಿತ್ತು. ಬೆಳಗಿನ ಜಾವಕ್ಕೆ ತಿಳಿಯಿತು, ಆ ಗುಂಯ್ ಎನ್ನುವ ಸದ್ದು ಇಲ್ಲ.

ತೊಟ್ಟಿಲ ಶಾಸ್ತ್ರ ಮುಗಿದ ಮೇಲೆ ಲಿಂಗದೀಕ್ಷೆ ಕೊಡುವ ಅಯ್ಯನವರು, ನಮ್ಮ ಬಾಯಲ್ಲಿ ಅಜ್ಜಾರು, ಒಳಗೆ ಬಂದು ಕೂತರು. ಎದುರಿಗೆ ತಟ್ಟೆಯಲ್ಲಿ ವಿಭೂತಿ, ಹೂವು, ಬಿಳಿ ವಸ್ತ್ರದ ಮೇಲೆ ಒಂದು ಹೊಸ ಲಿಂಗ. ಕೂಸಿಗೆ ಎಂದುಕೊಂಡೆ. ಅವ್ವ ನನ್ನ ಪಕ್ಕ ಕೂತು ಮೆಲ್ಲಗೆ ಹೇಳಿದಳು: "ನಿನಗ ಅದು. ಹಳೇದ ತಗದು ಅಜ್ಜಾರ ಕೈಯಾಗ ಕೊಡು. ಅವರು ಹೊಳಿಗೆ ಬಿಡತಾರ."

ನನ್ನ ಕೈ ತಾನಾಗಿಯೇ ಕರಡಿಗೆಗೆ ಹೋಯಿತು. ಅವ್ವನ ಮುಖ ನೋಡಿದೆ. ಅವಳ ಕಣ್ಣಲ್ಲಿ ಸಿಟ್ಟಿರಲಿಲ್ಲ, ಹೆದರಿಕೆ ಇತ್ತು. ಮಗಳಿಗೆ ಮತ್ತೇನಾದರೂ ಆದೀತು ಎನ್ನುವ ಹೆದರಿಕೆ. ಅದು ನನಗೆ ಗೊತ್ತಿರುವ ಹೆದರಿಕೆಯೇ.

"ಬ್ಯಾಡವಾ," ಎಂದೆ. "ಇದಽ ಇರಲಿ."

"ಮಂದಿ ಏನಂತಾರ?"

"ಇದು ನೆಲಕ್ಕ ಬಿದ್ದಿಲ್ಲವಾ. ನನ್ನ ಕೂಸನ್ನ ಎತಿಗೊಳ್ಳಲಾರದ ಇದನ್ನ ಹಿಡಕೊಂಡ ನಿಂತಿದ್ದಳ ಆಕಿ."

ಅಯ್ಯನವರು ನಮ್ಮಿಬ್ಬರನ್ನೂ ನೋಡಿದರು. ಹೊಸ ಲಿಂಗವನ್ನು ವಸ್ತ್ರದಲ್ಲಿ ಸುತ್ತಿ ಜೋಳಿಗೆಗೆ ಹಾಕಿಕೊಂಡರು. ಅವರ ಮನಸ್ಸಿನಲ್ಲೇನಿತ್ತೋ ನನಗೆ ತಿಳಿಯಲಿಲ್ಲ. ಅವ್ವ ಎದ್ದು ಅಡುಗೆ ಮನೆಗೆ ಹೋದಳು. ನಾವು ಹೊರಡುವ ದಿನ ರೊಟ್ಟಿ, ಚಟ್ನಿ, ಹಳೆಯ ಸೀರೆಗಳಿಂದ ತಾನೇ ಹೊಲಿದ ಕೂಸಿನ ಕೌದಿ ಎಲ್ಲ ಕಟ್ಟಿಕೊಟ್ಟಳು. ಗಂಟು ಬಿಗಿಯಾಗಿ ಕಟ್ಟಿದ್ದಳು. 'ಹೋಗಿ ಬಾ' ಎಂದು ಮಾತ್ರ ಬಾಯಿ ಬಿಡಲಿಲ್ಲ. ಈಗಲೂ ಫೋನು ಮಾಡಿದರೆ ಅಪ್ಪನ ಕೈಗೆ ಕೊಡುತ್ತಾಳೆ.

ಬ್ಲಫಿಗೆ ಮರಳಿ ಬಂದೆ. ಚಿಕ್ಕತಾಯಮ್ಮ ಕೂಸನ್ನು ನೋಡಲು ಬರುತ್ತಾಳೆ. ಆದರೆ ಮೊದಲಿನಂತೆ ನುಗ್ಗಿ ಒಳಗೆ ಬರುವುದಿಲ್ಲ. ಹೊಸಿಲಿನ ಆಚೆ ನಿಲ್ಲುತ್ತಾಳೆ. ಬರ್ರಿ ಎಂದರೆ, "ಕಾಲ್ ಕೆಸ್ರು ಬುಡು," ಎನ್ನುತ್ತಾಳೆ. ಅವಳ ಕಾಲಲ್ಲಿ ಕೆಸರಿರುವುದಿಲ್ಲ. ಅವ್ವನ ಪರವಾಗಿ ನಾನು ಒಮ್ಮೆ ಏನೋ ಹೇಳಲು ಹೋದೆ. "ನಿಮ್ಮವ್ವನ್ ಸುದ್ದಿ ಯಾಕವ್ವ ಈಗ, ಎತ್ತೋಳ್ ಎದ್ರಿಕೆ ಅವ್ಳ್ಗೆ," ಎಂದು ಅಲ್ಲಿಗೇ ಮಾತು ಕತ್ತರಿಸಿದಳು. ತಿಳಿದವಳು. ತಿಳಿದೂ ಹೊಸಿಲು ದಾಟಳು.

ಬೆಳಗ್ಗೆ ಪೂಜೆಗೆ ಕೂರುತ್ತೇನೆ. ಎಡ ಅಂಗೈ ಮೇಲೆ ಲಿಂಗ ಇಟ್ಟುಕೊಂಡು ಕಣ್ಣು ನೆಟ್ಟರೆ ಸ್ವಲ್ಪ ಹೊತ್ತಿಗೇ ಮೊಣಕೈ ಸೋಲುತ್ತದೆ. ಚಿಕ್ಕಂದಿನಿಂದ ಹಿಡಿದ ಅಭ್ಯಾಸವಿದ್ದ ಕೈ ಇದು, ಆದರೂ ಸೋಲುತ್ತದೆ. ಆಗೆಲ್ಲ ಧ್ಯಾನ ತಪ್ಪಿ ಆಸ್ಪತ್ರೆಯ ಆ ಬಾಗಿಲಿಗೆ ಹೋಗುತ್ತದೆ. ಶಿವ ಅದನ್ನೂ ಪೂಜೆಯೆಂದೇ ತೆಗೆದುಕೊಳ್ಳಲಿ.

ಮೊನ್ನೆ ಹಾಗೆ ಕೂತಿದ್ದಾಗ ಒಳಗೆ ತೊಟ್ಟಿಲಲ್ಲಿ ಕೂಸು ಎದ್ದು ಅಳತೊಡಗಿತು. ಮನೆಯವರು ಪಾಳಿಗೆ ಇಳಿದಿದ್ದರು. ಹೊಸಿಲಿನ ಆಚೆಯಿಂದ ಚಿಕ್ಕತಾಯಮ್ಮನ ಧ್ವನಿ ಬಂತು.

"ಮಗ ಅಳ್ತದೆ ಕಣವ್ವ. ಕೇಳ್ಸಕಿಲ್ವಾ?"

"ಕೈ ಖಾಲಿ ಇಲ್ಲರಿ ಅಕ್ಕಾರ," ಎಂದೆ. "ನೀವ ಒಳಗ ಬಂದು ಎತಿಗೋರಿ."

ಕೂಸು ಇನ್ನೂ ಜೋರು ಮಾಡಿತು. ನಾನು ಕೈ ಕದಲಿಸಲಿಲ್ಲ, ತಿರುಗಿ ನೋಡಲೂ ಇಲ್ಲ. ಆಮೇಲೆ ಬಳೆ ಸದ್ದಾಯಿತು. ನನ್ನ ಬೆನ್ನ ಹಿಂದೆಯೇ ಹಾದು ಹೋಗಿ, ಕೂಸನ್ನು ಎತ್ತಿಕೊಂಡು, "ಏನ್ ಮಗ, ಏನಾಯ್ತು ಮಗ," ಎನ್ನುತ್ತಾ ಮತ್ತೆ ಹೊರಗೆ ಹೋದಳು. ಒಳಗೆ ಕೂರಲಿಲ್ಲ. ಕಟ್ಟೆಯ ಮೇಲೆ, ಅಂದು ಅವಳ ಡಬ್ಬಿ ಇದ್ದ ಜಾಗದಲ್ಲಿ, ಕೂಸನ್ನು ತೊಡೆಯ ಮೇಲೆ ಹಾಕಿಕೊಂಡು ಕೂತಳು. ಅದರ ಮೈಮೇಲೆ ಅವ್ವ ಹೊಲಿದ ಕೌದಿ ಇತ್ತು.